ಎಲ್ಲರಿಗೂ ಮುಂಬಾಗಿಲು: ಹಳೆಯ ಗೋದಾಮನ್ನು ಉಳಿಸಿಕೊಂಡ ನನ್ನ ಅನುಭವ

ಪರಿಸರಕ್ಕೆ ಹೊರೆಯಾಗದ ಕಟ್ಟಡ ಬೇರೆ, ಎಲ್ಲರೂ ಬಳಸಬಹುದಾದ ಕಟ್ಟಡ ಬೇರೆ ಅಂತ ನಮ್ಮ ವೃತ್ತಿಯಲ್ಲಿ ತುಂಬಾ ಜನ ಅಂದುಕೊಂಡಿದ್ದಾರೆ. ಒಂದಕ್ಕೆ ಸೋಲಾರ್ ಪ್ಯಾನೆಲ್, ಇನ್ನೊಂದಕ್ಕೆ ರ್‍ಯಾಂಪ್. ಎರಡನ್ನೂ ಕೊನೆಗೆ ಸೇರಿಸಿದರಾಯಿತು ಎಂಬ ಲೆಕ್ಕ. ನಾನು ಆರ್ಕಿಟೆಕ್ಟ್ ಆಗಿ ಮಾಡಿದ ಒಂದು ಕೆಲಸದಲ್ಲಿ ಎರಡಕ್ಕೂ ಒಂದೇ ಜಾಗದಲ್ಲಿ ಉತ್ತರ ಸಿಕ್ಕಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅದು ನೆಲಮಹಡಿ ಮಾತ್ರ ಇದ್ದ ಹಳೆಯ ಗೋದಾಮು. ಅಲ್ಲಿ ಓದುವ ಕೋಣೆ, ಸಭೆ ಸೇರಲು ಹಾಲ್, ಆರೋಗ್ಯ ತಪಾಸಣೆಗೆ ಒಂದು ಕೋಣೆ ಬೇಕಿತ್ತು. "ಕೆಡವಿ ಹೊಸದೇ ಕಟ್ಟೋಣ" ಅಂತ ಎಲ್ಲರೂ ಹೇಳಿದರು. ನಾನು ಮೊದಲು ಪಾಯ, ಗೋಡೆ, ಚಾವಣಿ ನೋಡಿದೆ. ಗಾರೆ ಅಲ್ಲಲ್ಲಿ ಉದುರಿತ್ತು, ಮಾಡಿನ ಕೆಲವು ತೊಲೆಗಳನ್ನು ಬದಲಿಸಬೇಕಿತ್ತು. ಆದರೆ ಪಾಯ ಕುಸಿದಾಗ ಗೋಡೆಯಲ್ಲಿ ಕಾಣುವ ಓರೆ ಬಿರುಕು ಎಲ್ಲೂ ಇರಲಿಲ್ಲ. ಇಂಥ ಕಟ್ಟಡವನ್ನು ಸುಮ್ನೆ ಕೆಡವಲು ನನಗೆ ಮನಸ್ಸು ಬರಲಿಲ್ಲ.

ಕಾರಣ ಸರಳ. ಜಗತ್ತಿನಲ್ಲಿ ಮನುಷ್ಯರಿಂದ ಹೊರಬೀಳುವ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಸುಮಾರು 7-8% ಸಿಮೆಂಟ್ ತಯಾರಿಕೆಯಿಂದಲೇ ಬರುತ್ತದೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬರುವುದು ಇಂಧನದಿಂದಲ್ಲ, ಕಾಯಿಸಿದ ಸುಣ್ಣದ ಕಲ್ಲಿನಿಂದ. ಕುಲುಮೆಗೆ ಎಷ್ಟೇ ಶುದ್ಧವಾದ ಇಂಧನ ಕೊಟ್ಟರೂ ಆ ಭಾಗ ನಿಲ್ಲುವುದಿಲ್ಲ. ಆಗಲೇ ನಿಂತಿರುವ ಗೋಡೆಗೆ ಆ ಬೆಲೆ ತೆತ್ತಾಗಿದೆ. ಫ್ರಾನ್ಸಿನ ಆರ್ಕಿಟೆಕ್ಟ್ ಜೋಡಿ ಲಕಾಟೋನ್ ಮತ್ತು ವಸಾಲ್ ಬೋರ್ಡೋ ನಗರದಲ್ಲಿ 530 ಹಳೆಯ ಫ್ಲ್ಯಾಟ್‌ಗಳನ್ನು ಕೆಡವದೆ, ಹೊರಗಿನಿಂದ ಗಾಜಿನ ಪಡಸಾಲೆ ಮತ್ತು ಬಾಲ್ಕನಿ ಜೋಡಿಸಿ ದೊಡ್ಡದು ಮಾಡಿದ್ದನ್ನು ನಾನು ಸಭೆಯಲ್ಲಿ ವಿವರಿಸಿದೆ. ಅಲ್ಲಿದ್ದ ಬಾಡಿಗೆದಾರರು ಮನೆ ಬಿಟ್ಟು ಹೋಗಬೇಕಾಗಿ ಬರಲಿಲ್ಲ. ನನಗೆ ಆ ಕೆಲಸದಲ್ಲಿ ತುಂಬಾ ಇಷ್ಟವಾದದ್ದು ಇದೇ. ಕೆಡವಿದರೆ ಇಟ್ಟಿಗೆ ಹಾಳಾಗುವುದಷ್ಟೇ ಅಲ್ಲ, ಬಡವರು ಮೊದಲು ಜಾಗ ಕಳೆದುಕೊಳ್ಳುತ್ತಾರೆ, ಅಲ್ವಾ?

ನಕ್ಷೆ ಮುಗಿಸುವ ಮೊದಲು ನೆಲದ ಮೇಲೆ ಸುಣ್ಣದ ಪುಡಿಯಿಂದ ಪೂರ್ತಿ ಅಳತೆಯಲ್ಲೇ ಮಾರ್ಕಿಂಗ್ ಮಾಡಿಸಿದೆ. ಬಳಸುವವರನ್ನೇ ಕರೆದು ಅದರೊಳಗೆ ಓಡಾಡಿ ಅಂದೆ. ಕಾಗದದ ಮೇಲಿನ ಪ್ಲಾನ್ ಓದಲು ಎಲ್ಲರಿಗೂ ಬರುವುದಿಲ್ಲ. ನೆಲದ ಮೇಲೆ ಗೆರೆ ಬಿದ್ದರೆ ಎಲ್ಲರೂ ಮಾತಾಡುತ್ತಾರೆ. ಕೋಲು ಹಿಡಿದು ಬಂದ ಹಿರಿಯರೊಬ್ಬರು ಹಾಲ್‌ನ ಉದ್ದ ನೋಡಿ, ನಡುವೆ ಕೂರಲು ಒಂದು ಕಟ್ಟೆ ಬೇಕು ಎಂದರು. ಕಟ್ಟೆ ಬಂತು. ಗಾಲಿಕುರ್ಚಿಯಲ್ಲಿ ಬಂದ ಮಹಿಳೆ ಒಂದು ಸುತ್ತು ತಿರುಗಿ ತೋರಿಸಿದರು. ಅವರಿಗೆ ಸುಮಾರು 1,500 ಮಿಲಿಮೀಟರ್ ಜಾಗ ಬೇಕಾಯಿತು. ಅಳತೆ ಪುಸ್ತಕದಲ್ಲೂ ಅಷ್ಟೇ ಇದೆ, ಆದರೆ ಅಲ್ಲಿದ್ದ ಮೇಸ್ತ್ರಿಗೆ ಅದು ಮನವರಿಕೆಯಾದದ್ದು ಆ ತಿರುವು ನೋಡಿದ ಮೇಲೆ.

ಎಲ್ಲರಿಗಿಂತ ಮುಖ್ಯವಾದ ಮಾತು ಹೇಳಿದವರೂ ಆ ಮಹಿಳೆಯೇ. ಮುಂಬಾಗಿಲಿಗೆ ಮೂರು ಮೆಟ್ಟಿಲಿದ್ದವು, ಒಟ್ಟು 450 ಮಿಲಿಮೀಟರ್ ಎತ್ತರ. ಹಿಂಬಾಗಿಲ ಹತ್ತಿರ ಕಾಂಕ್ರೀಟ್ ರ್‍ಯಾಂಪ್ ಹಾಕೋಣ ಎಂಬ ಸಲಹೆ ಬಂದಿತ್ತು. "ಎಲ್ಲರೂ ಮುಂದಿನಿಂದ ಬರ್ತಾರೆ, ನಾನೊಬ್ಬಳು ಹಿಂದಿನಿಂದ ಬರ್ಬೇಕಾ ಮೇಡಂ?" ಅಂತ ಅವರು ಕೇಳಿದರು. ಅಲ್ಲಿಗೆ ಹಿಂಬಾಗಿಲಿನ ಮಾತು ಮುಗಿಯಿತು.

ಸಾಮಾನ್ಯವಾಗಿ ಹೇಳುವ 1:12 ಇಳಿಜಾರಿನಲ್ಲಿ, ಅಂದರೆ ಒಂದು ಪಾಲು ಎತ್ತರಕ್ಕೆ ಹನ್ನೆರಡು ಪಾಲು ಉದ್ದ ಇಟ್ಟರೆ, ಈ ಎತ್ತರಕ್ಕೆ 5.4 ಮೀಟರ್ ರ್‍ಯಾಂಪ್ ಸಾಕು. ಆದರೆ ತಾವೇ ಚಕ್ರ ತಳ್ಳಿಕೊಂಡು ಹತ್ತುವವರ ತೋಳಿಗೆ ಅದು ಕಷ್ಟ. 1:20 ಇಟ್ಟರೆ 9 ಮೀಟರ್ ಬೇಕು. ಮುಂದಿನ ಅಂಗಳದಲ್ಲಿ ಅಷ್ಟು ಉದ್ದ ಇತ್ತು. ಹಾಗಾಗಿ ರ್‍ಯಾಂಪ್ ಅಂತ ಬೇರೆ ಕಟ್ಟದೆ, ಬರುವ ದಾರಿಯನ್ನೇ ನಿಧಾನವಾಗಿ ಏರಿಸಿದೆವು. ತುಂಬಲು ಮಣ್ಣು ತರಿಸಲಿಲ್ಲ. ಒಳಗಿನ ಭಾರ ಹೊರದ ಅಡ್ಡಗೋಡೆಗಳನ್ನು ತೆಗೆದಿದ್ದೆವು, ಅವುಗಳ ಒಡಕು ಇಟ್ಟಿಗೆಯನ್ನೇ ಪದರ ಪದರವಾಗಿ ಹಾಕಿ, ನೀರು ಹಾಯಿಸಿ ದಿಮ್ಮಸಿನಿಂದ ಬಡಿದು ಗಟ್ಟಿ ಮಾಡಿದೆವು. ಲಾರಿಯಲ್ಲಿ ಹೊರಗೆ ಹೋಗಬೇಕಿದ್ದ ಕಸ ಮೂರು ಮೆಟ್ಟಿಲನ್ನು ನುಂಗಿಹಾಕಿತು.

ಇಲ್ಲಿ ಒಂದು ಎಚ್ಚರ ಬೇಕು. ಹೀಗೆ ತುಂಬಿದ್ದನ್ನು ಗೋಡೆಗೆ ತಾಗಿಸಿದರೆ ತೇವ ಗೋಡೆಯೊಳಗೆ ಏರುತ್ತದೆ. ಗೋಡೆ ಪಕ್ಕ ಅಂತರ ಬಿಟ್ಟು, ಜಲ್ಲಿ ತುಂಬಿದ ಕಾಲುವೆ ಮಾಡಿ, ನೀರು ದೂರ ಹರಿಯುವಂತೆ ವಾಟ ಕೊಟ್ಟೆವು. ಬಾಗಿಲ ಮುಂದೆ ಕಾಲುವೆಗೆ ಜಾಲರಿ ಮುಚ್ಚಿದೆವು. ಅದರ ಸರಳುಗಳನ್ನು ನಡೆಯುವ ದಿಕ್ಕಿಗೆ ಅಡ್ಡಲಾಗಿ ಇಡಬೇಕು, ಇಲ್ಲವಾದರೆ ಚಕ್ರ ಸಿಕ್ಕಿಕೊಳ್ಳುತ್ತದೆ. ಹೊಸ್ತಿಲು ನೆಲದ ಮಟ್ಟಕ್ಕೇ ಬಂದದ್ದರಿಂದ ಮಳೆ ಒಳಗೆ ಎರಚದಂತೆ ಸೂರನ್ನು ಮುಂದಕ್ಕೆ ಚಾಚಿದೆವು.

ಅಡ್ಡಗೋಡೆಯ ಗಟ್ಟಿ ಇಟ್ಟಿಗೆಗಳನ್ನು ತಪಾಸಣೆ ಕೋಣೆಯ ಹೊಸ ಗೋಡೆಗೆ ಇಟ್ಟುಕೊಂಡಿದ್ದೆವು. ಆರ್ಕಿಟೆಕ್ಟ್ ಲಾರಿ ಬೇಕರ್ ಅವರು ಕೇರಳದಲ್ಲಿ ಬಳಕೆಗೆ ತಂದ ರ್‍ಯಾಟ್ ಟ್ರ್ಯಾಪ್ ಬಾಂಡ್‌ನಲ್ಲಿ ಕಟ್ಟಿಸಿದೆ. ಇಟ್ಟಿಗೆಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ನಡುವೆ ಟೊಳ್ಳು ಬಿಟ್ಟು ಕಟ್ಟುವ ರೀತಿ ಇದು. ಇಟ್ಟಿಗೆಯಲ್ಲಿ ಸುಮಾರು 25% ಉಳಿತಾಯವಾಗುತ್ತದೆ, ಟೊಳ್ಳಿನ ಗಾಳಿ ಬಿಸಿಲಿನ ಝಳವನ್ನೂ ತಡೆಯುತ್ತದೆ. ಗಾರೆ ಟೊಳ್ಳಿನೊಳಗೆ ಬೀಳದಂತೆ ಕೈ ಪಳಗಬೇಕು. ಅದಕ್ಕೇ ಕೆಲಸದವರು ಮೊದಲು ಒಂದು ಮೋಟುಗೋಡೆ ಕಟ್ಟಿ ಅಭ್ಯಾಸ ಮಾಡಿದರು.

ಶೌಚಾಲಯದ ಬಾಗಿಲಿನ ಬಗ್ಗೆ ನಾನು ಯಾವಾಗಲೂ ಹಟ ಹಿಡಿಯುತ್ತೇನೆ. ಅದು ಹೊರಕ್ಕೇ ತೆರೆಯಬೇಕು. ಒಳಗೆ ಯಾರಾದರೂ ಬಿದ್ದರೆ, ಒಳಕ್ಕೆ ತೆರೆಯುವ ಬಾಗಿಲನ್ನು ಅವರ ಮೈಯೇ ತಡೆಯುತ್ತದೆ. ಕಮೋಡ್ ಪಕ್ಕದಲ್ಲಿ ಗಾಲಿಕುರ್ಚಿ ನಿಲ್ಲಲು 900 ಮಿಲಿಮೀಟರ್ ಖಾಲಿ ಬಿಟ್ಟೆವು. ಆ ಜಾಗಕ್ಕೆ ಬಕೆಟ್, ಪೊರಕೆ ಬಂದು ಕೂರದಂತೆ ಅವಕ್ಕೆ ಬೇರೆ ಗೂಡು ಕೊಟ್ಟೆವು.

ಕೀಲಿ ಕೊಡುವಾಗ ಒಂದು ಪುಟದ ಪಟ್ಟಿಯನ್ನೂ ಕೊಟ್ಟೆ: ಮಳೆಗಾಲಕ್ಕೆ ಮೊದಲು ಜಲ್ಲಿ ಕಾಲುವೆಯ ಕಸ ತೆಗೆಯುವುದು, ಜಾಲರಿ ತೊಳೆಯುವುದು, ಮಾಡಿನ ತೊಲೆಗೆ ಗೆದ್ದಲು ಹತ್ತಿದೆಯಾ ನೋಡುವುದು. ಪ್ರತಿ ಕೆಲಸದ ಮುಂದೆ ಯಾರು ಮಾಡುತ್ತಾರೆ ಎಂದು ಕಟ್ಟಡ ಬಳಸುವವರೇ ಹೆಸರು ಬರೆದುಕೊಂಡರು.