ಸಿಮೆಂಟಿಗೂ ಥಂಡಿ ಆಗುತ್ತದೆ: ನನ್ನ ಅನುಭವ

ಈ ಜನವರಿಯ ಥಂಡಿಯಲ್ಲಿ ಬೀದರ್ ಜಿಲ್ಲೆಯ ಭಾಲ್ಕಿ ಹತ್ತಿರ ಹಾಕಿದ ಸ್ಲ್ಯಾಬಿನ ಸೆಂಟ್ರಿಂಗ್ (ಕಾಂಕ್ರೀಟ್ ಹೊರುವ ಹಲಗೆ-ಕಂಬ) ಹದಿನಾಲ್ಕನೇ ದಿನ ಬಿಚ್ಚಿದೆ. ಕೂದಲೆಳೆಯಷ್ಟೂ ಬಿರುಕಿಲ್ಲ. ನೀರು ಕಾಸಿ ಕಾಂಕ್ರೀಟ್ ಕಲಸುವುದನ್ನು ನೋಡಿ ನಕ್ಕವರೇ ಈಗ ಫೋನ್ ಮಾಡಿ ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ.

ಮೂರು ವರ್ಷದ ಹಿಂದೆ ಇದೇ ಥಂಡಿಯಲ್ಲಿ ಕೈ ಸುಟ್ಟುಕೊಂಡಿದ್ದೆ. ರಾತ್ರಿ ಎಂಟೊಂಬತ್ತು ಡಿಗ್ರಿ. ಸಂಜೆ ಏಳರವರೆಗೆ ಕಾಂಕ್ರೀಟ್ ಸುರಿದು, ಬೇಸಿಗೆಯ ಲೆಕ್ಕದಲ್ಲೇ ಎಂಟನೇ ದಿನ ಬಲ್ಲಿ (ಆಸರೆಯ ಕಂಬ) ತೆಗೆಸಿದೆ. ಛಜ್ಜಾ, ಅಂದರೆ ಗೋಡೆಯಿಂದ ಹೊರಚಾಚಿದ ಕಾಂಕ್ರೀಟ್ ಹಲಗೆ, ಎರಡು ಬೆರಳು ಬಾಗಿತು. ಒಡೆದು ಮತ್ತೆ ಹಾಕಲು ಹತ್ತಿರ ಹತ್ತಿರ ನಲವತ್ತು ಸಾವಿರ, ನನ್ನ ಜೇಬಿನಿಂದಲೇ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456ರಲ್ಲಿರುವ ಸೆಂಟ್ರಿಂಗ್ ಬಿಚ್ಚುವ ದಿನಗಳು ಹವೆ 15 ಡಿಗ್ರಿಗಿಂತ ಕೆಳಗಿಳಿಯದಿದ್ದರೆ ಮಾತ್ರ ಅಂತ ಆಮೇಲೆ ಒಬ್ಬ ಇಂಜಿನಿಯರ್ ತೋರಿಸಿದರು. ಸಾಲದ್ದಕ್ಕೆ ನಾನು ಬಳಸಿದ್ದು ಪಿಪಿಸಿ, ಅಂದರೆ ಬೂದಿ ಬೆರೆಸಿದ ಸಿಮೆಂಟ್. ಥಂಡಿಯಲ್ಲಿ ಅದು ಇನ್ನೂ ಸೋಮಾರಿ.

ಮರುವರ್ಷ ನೀರು ಕಾಸಿದೆ. ಕುದಿಯುವ ನೀರನ್ನು ನೇರ ಸಿಮೆಂಟಿಗೇ ಸುರಿಸಿಬಿಟ್ಟೆ. ಮಿಕ್ಸರಿನಲ್ಲೇ ಉಂಡೆ ಉಂಡೆ! ನಾಲ್ಕು ಚೀಲ ಹಾಳು. "ಸಿಮೆಂಟಿಗಿ ಚಾ ಕಾಸ್ಲಾಕತ್ತೀರೇನ್ರಿ ಸಾವ್ಕಾರ್ರೆ?" ಅಂದ ನಮ್ಮ ಗೌಂಡಿ.

ಈಗ ಮೊದಲು ಖಡಿ (ಜಲ್ಲಿ), ಉಸುಕು, ಬಿಸಿನೀರು ತಿರುಗಿಸಿ, ಕೊನೆಗೆ ಸಿಮೆಂಟ್. ಓಪಿಸಿ 43 ಮಾತ್ರ, ಅಂದರೆ ಬೂದಿ ಬೆರೆಸದ ಸಾದಾ ಸಿಮೆಂಟ್. ತೊಗರಿ ಕಟ್ಟಿಗೆಯ ಉರಿಯ ಮೇಲೆ ಎರಡು ಡ್ರಮ್; ಕೈ ತಾಳದಷ್ಟು ಬಿಸಿ ಸಾಕು. ಉಸುಕಿಗೆ ಹಿಂದಿನ ರಾತ್ರಿಯೇ ತಾಡಪತ್ರಿ ಹೊದಿಸಬೇಕು. ಒಂಬತ್ತಕ್ಕೆ ಶುರು, ಎರಡಕ್ಕೆ ಬಂದ್. ಬೆರಳು ಒತ್ತಿದರೆ ಗುರುತು ಬೀಳದಂತಾದ ಕೂಡಲೇ ತಾಡಪತ್ರಿ, ಅದರ ಮೇಲೆ ಗೇಣು ದಪ್ಪ ಜೋಳದ ಕಣಿಕೆ (ಒಣ ದಂಟು). ನಡುವೆ ಇನ್ನೊಂದು ಪದರ ಹಾಕುತ್ತೇನೆ, ಅದನ್ನು ಮಾತ್ರ ಕೇಳಬೇಡಿ. ಕ್ಯೂರಿಂಗಿಗೆ, ಅಂದರೆ ಕಾಂಕ್ರೀಟ್ ಒಣಗದಂತೆ ನೀರು ಹಾಕಲು, ಟಾಕಿಯ ತಣ್ಣೀರು ಬೇಡ. ಬೋರಿನ ಬೆಚ್ಚನೆ ನೀರು, ಅದೂ ಮಧ್ಯಾಹ್ನ.

ಸುಮ್ನೆ ಕುತೂಹಲಕ್ಕೆ ಒಂದು ಆಟವೂ ಆಡಿದೆ. ಗೆಳೆಯನ ಐಸ್‌ಕ್ಯಾಂಡಿ ಫ್ರೀಜರಿನಲ್ಲಿ ಎರಡು ಡಬ್ಬಿ ಕಾಂಕ್ರೀಟ್ ಇಟ್ಟೆ. ಒಂದು ಕಲಸಿದ ತಕ್ಷಣ, ಇನ್ನೊಂದು ಎರಡು ದಿನ ಮನೆಯೊಳಗೆ ಗಟ್ಟಿಯಾದ ಮೇಲೆ. ಹೊರಗೆ ತೆಗೆದು ವಾರ ಬಿಟ್ಟು ನೋಡಿದರೆ ಮೊದಲನೆಯದು ಮೊಳೆ ಗೀರಿದರೆ ಪುಡಿ ಪುಡಿ, ಎರಡನೆಯದು ಠಣ್ ಅನ್ನುತ್ತದೆ. ನೀರು ಮಂಜುಗಡ್ಡೆಯಾದರೆ ನೂರಕ್ಕೆ 9ರಷ್ಟು ಉಬ್ಬುತ್ತದೆ, ಹಸಿ ಕಾಂಕ್ರೀಟ್ ಅದನ್ನು ತಡೆಯುವುದಿಲ್ಲ. ಬೀದರಿನಲ್ಲಿ ಅಷ್ಟು ಥಂಡಿ ಎಲ್ಲಿ? ನಮ್ಮಲ್ಲಿ ಅದು ಒಡೆಯುವುದಿಲ್ಲ, ತಡವಾಗಿ ಬಲಿಯುತ್ತದೆ ಅಷ್ಟೇ. ನಾವೇ ಅವಸರ ಮಾಡಿ ಕೆಡಿಸುತ್ತೇವೆ.

ಸಾವಿರ ಚದರಡಿಗೆ ಮೂರೂವರೆ ಸಾವಿರ ಜಾಸ್ತಿ ಬಿತ್ತು. ಕಣಿಕೆಯನ್ನು ಮನೆ ಮಾಲೀಕರ ಎಮ್ಮೆಗೆ ಹಾಕಿ ಎಂಟುನೂರು ಉಳಿಸೋಣ ಅಂದುಕೊಂಡಿದ್ದೆ. ಎಮ್ಮೆ ಮೂಸಿ ಮುಖ ತಿರುಗಿಸಿತು.