ಚಲಿಸುವ ರಿಸೀವರ್ ಮತ್ತು ಬಹುಪಥದ ತೊಡಕು: ನನ್ನ ಅನುಭವ

900 ಮೆಗಾಹರ್ಟ್ಸ್‌ನಲ್ಲಿ ಸೆಕೆಂಡಿಗೆ 10 ಲಕ್ಷ ಸಿಂಬಲ್‌ಗಳನ್ನು (ಬಿಟ್‌ಗಳನ್ನು ಹೊತ್ತ ಸಂಕೇತದ ತುಣುಕುಗಳನ್ನು) ಗ್ರಹಿಸುವ ರಿಸೀವರೊಂದನ್ನು ನಾನು ಸಾಫ್ಟ್‌ವೇರ್ ರೇಡಿಯೊದಲ್ಲಿ, ಅಂದರೆ ಸಂಕೇತವನ್ನು ಪ್ರೋಗ್ರಾಮೇ ಸಂಸ್ಕರಿಸುವ ರೇಡಿಯೊದಲ್ಲಿ, ಕಟ್ಟಿದ್ದೆ. ವಾಹನ ನಿಂತಿದ್ದಾಗ ಅದು ಚೆನ್ನಾಗಿ ನಡೆಯುತ್ತಿತ್ತು. ಹೊರಟ ಕೂಡಲೇ ದೋಷಗಳು ಏರುತ್ತಿದ್ದವು. ಕಟ್ಟಡಕ್ಕೆ ಬಡಿದು 300 ಮೀಟರ್ ಸುತ್ತಿ ಬರುವ ಅಲೆ ಒಂದು ಮೈಕ್ರೊಸೆಕೆಂಡ್, ಅಂದರೆ ಸರಿಯಾಗಿ ಒಂದು ಸಿಂಬಲ್‌ನಷ್ಟು ತಡವಾಗಿ ಮುಂದಿನ ಸಿಂಬಲ್‌ನ ಮೇಲೆ ಬೀಳುವುದರಿಂದ, ತಪ್ಪು ಈ ಬೆರಕೆಯನ್ನು ಬಿಡಿಸುವ ಈಕ್ವಲೈಸರ್‌ನದೇ ಎಂದು ನಂಬಿ ಅದರ ಟ್ಯಾಪ್‌ಗಳನ್ನು (ತಡವಾದ ಪ್ರತಿಗಳಿಗೆ ತೂಕ ಕೊಡುವ ಹಂತಗಳನ್ನು) ಹೆಚ್ಚಿಸುತ್ತಾ ಹೋದೆ. ಫಲ ಸಿಗಲಿಲ್ಲ.

ದಾರಿ ತೋರಿಸಿದ್ದು ಒಂದು ಸರಳ ನಕ್ಷೆ. ಒಟ್ಟು ದೋಷಗಳನ್ನು ಎಣಿಸುವುದನ್ನು ಬಿಟ್ಟು, ಪ್ರತಿ ದೋಷವೂ ಫ್ರೇಮ್‌ನ (ಒಟ್ಟಿಗೆ ಕಳುಹಿಸುವ ಸಿಂಬಲ್‌ಗಳ ಕಂತಿನ) ಯಾವ ಜಾಗದಲ್ಲಿ ಬಿತ್ತೆಂದು ಗುರುತಿಸಿದಾಗ, ಆರಂಭದಲ್ಲಿ ವಿರಳವಾಗಿದ್ದ ದೋಷಗಳು ಕೊನೆಯತ್ತ ದಟ್ಟವಾಗುವುದು ಕಂಡಿತು. ನನ್ನ ಫ್ರೇಮ್ 10 ಮಿಲಿಸೆಕೆಂಡ್ ಉದ್ದವಿತ್ತು, ಚಾನೆಲ್ಲನ್ನು (ಅಲೆ ಬರುವ ದಾರಿ ಅದನ್ನು ಮಾರ್ಪಡಿಸುವ ರೀತಿಯನ್ನು) ಅಂದಾಜಿಸಲು ಕಳುಹಿಸುವ, ಮೊದಲೇ ಗೊತ್ತಿರುವ ಪೈಲಟ್ ಸಿಂಬಲ್‌ಗಳು ಫ್ರೇಮ್‌ನ ಆರಂಭದಲ್ಲಿ ಮಾತ್ರ ಇದ್ದವು. ಗಂಟೆಗೆ 54 ಕಿಲೋಮೀಟರ್ ವೇಗದ ವಾಹನ ಅಷ್ಟರಲ್ಲಿ 15 ಸೆಂಟಿಮೀಟರ್ ಸಾಗುತ್ತದೆ. ಅಲೆಯ ಉದ್ದ 33 ಸೆಂಟಿಮೀಟರ್ ಆದ್ದರಿಂದ ಇದು ಹೆಚ್ಚುಕಡಿಮೆ ಅರ್ಧ ಅಲೆ, ಚಾನೆಲ್ ಪೂರ್ತಿ ಬೇರೆಯಾಗಲು ಸಾಕಾದ ದೂರ. ಮೇಜಿನ ಮೇಲಿನ ಸಿಮ್ಯುಲೇಶನ್ ಇದನ್ನು ಏಕೆ ತೋರಿಸಲಿಲ್ಲವೆಂದರೆ, ಅಲ್ಲಿ ಒಂದು ಫ್ರೇಮ್ ಮುಗಿಯುವ ತನಕ ಚಾನೆಲ್ ಬದಲಾಗುವುದಿಲ್ಲವೆಂದು ನಾನೇ ಬರೆದಿದ್ದೆ. ಈ ಸಾಲನ್ನು ಮೊದಲು ಪರೀಕ್ಷಿಸಿದ್ದರೆ ಎಷ್ಟೋ ದಿನಗಳು ಉಳಿಯುತ್ತಿದ್ದವು.

ಜಿಎಸ್‌ಎಂ ಎಂಬ ಮೊಬೈಲ್ ವ್ಯವಸ್ಥೆಯಲ್ಲಿ ಪೈಲಟ್‌ನಂಥದೇ ಆದ 26 ಬಿಟ್‌ಗಳ ತರಬೇತಿ ಸರಣಿಯನ್ನು ಬರ್ಸ್ಟ್‌ನ, ಅಂದರೆ ಒಮ್ಮೆಗೆ ಕಳುಹಿಸುವ ಚಿಕ್ಕ ಕಂತಿನ, ನಡುವೆ ಇಟ್ಟಿರುವುದರ ಹಿಂದೆಯೂ ಇದೇ ವಿವೇಕವಿದೆ. ನಾನು ಪೈಲಟ್‌ಗಳನ್ನು ಒಡೆದು 2 ಮಿಲಿಸೆಕೆಂಡಿಗೊಮ್ಮೆ ಹಂಚಿದೆ. ಎರಡು ಗುಂಪುಗಳ ನಡುವಿನ ಚಾನೆಲ್ಲನ್ನು ಆಚೀಚೆಯ ಅಂದಾಜುಗಳಿಂದ ಲೆಕ್ಕ ಹಾಕಿದೆ. ಮುಂದಿನ ಗುಂಪು ಬರುವವರೆಗೆ ಸಿಂಬಲ್‌ಗಳನ್ನು ಹಿಡಿದಿಡಬೇಕು, ಆದರೆ ಅಷ್ಟು ವಿಳಂಬ ಸಹ್ಯ. ಫ್ರೇಮ್‌ನ ಕೊನೆಯ ದಟ್ಟಣೆ ಕರಗಿತು. ಚಾನೆಲ್ಲನ್ನು ನೇರವಾಗಿ ತಿರುವುಮಾಡಿ ಅದರ ಪರಿಣಾಮವನ್ನು ಅಳಿಸುವ ವಿಧಾನ ಸಂಕೇತದ ಆಳವಾದ ಕುಸಿತಗಳಲ್ಲಿ ಗದ್ದಲವನ್ನೇ (ನಾಯ್ಸ್) ಹಿಗ್ಗಿಸುವುದರಿಂದ, ಅದರ ಬದಲು ಸರಾಸರಿ ವರ್ಗದೋಷವನ್ನು ಕನಿಷ್ಠಗೊಳಿಸುವ ಈಕ್ವಲೈಸರನ್ನು ಅಳವಡಿಸಿದೆ.

ಉಳಿದದ್ದು ಫೇಡಿಂಗ್, ಅಂದರೆ ಅಲೆಗಳು ಒಂದನ್ನೊಂದು ಅಳಿಸಿ ಸಂಕೇತ ಕುಸಿಯುವುದು; ಅದಕ್ಕೆ ಎರಡನೇ ಆಂಟೆನಾದಷ್ಟು ನೆರವಾದದ್ದು ಬೇರೊಂದಿಲ್ಲ. ಅದನ್ನು ಮೊದಲನೆಯದರಿಂದ ಅರ್ಧ ಅಲೆಯ ದೂರದಲ್ಲಿಟ್ಟು ಎರಡರ ಸಂಕೇತಗಳನ್ನೂ ಒಂದೇ ಈಕ್ವಲೈಸರ್‌ಗೆ ಕೊಟ್ಟೆ. ಆದರೂ ನಿರೀಕ್ಷಿಸಿದಷ್ಟು ಲಾಭ ಮೊದಲಿಗೆ ಬರಲಿಲ್ಲ. ಪ್ರತಿ ಆಂಟೆನಾಕ್ಕೂ ಸ್ವಂತ ಗೇನ್ (ವರ್ಧನೆ) ನಿಯಂತ್ರಣವಿದ್ದು, ದುರ್ಬಲ ಸಂಕೇತವನ್ನು ಅದರ ಗದ್ದಲದ ಸಮೇತ ಎತ್ತುತ್ತಿತ್ತು. ನಾನೋ ಎರಡರ ಗದ್ದಲವೂ ಸಮವೆಂದು ಹಿಡಿದು ತೂಕ ಕೊಡುತ್ತಿದ್ದೆ. ಬಂದ ಪೈಲಟ್‌ಗಳಿಗೂ ಅಂದಾಜಿನಂತೆ ಬರಬೇಕಿದ್ದವುಗಳಿಗೂ ಇರುವ ವ್ಯತ್ಯಾಸದಿಂದ ಪ್ರತಿ ಆಂಟೆನಾದ ಗದ್ದಲವನ್ನು ಅಳೆದು ತೂಕವನ್ನು ತಿದ್ದಿದ ಮೇಲೆ, ಚಲಿಸುವ ವಾಹನದಲ್ಲೂ ಫ್ರೇಮ್‌ಗಳು ಸತತವಾಗಿ ಸರಿಯಾಗಿ ಬರತೊಡಗಿದವು.

ಎರಡೂ ಆಂಟೆನಾಗಳು ಒಟ್ಟಿಗೆ ಕುಸಿಯುವ ಕ್ಷಣಗಳು ಈಗಲೂ ಇವೆ. ಅವುಗಳಿಗಾಗಿ ಬಿಟ್‌ಗಳನ್ನು ನಾಲ್ಕು ಫ್ರೇಮ್‌ಗಳಲ್ಲಿ ಚದುರಿಸಿ ದೋಷ ತಿದ್ದುವ ಕೋಡ್‌ಗೆ ಒಪ್ಪಿಸುತ್ತೇನೆ. 40 ಮಿಲಿಸೆಕೆಂಡ್ ಕಾಯುವುದು ದತ್ತಾಂಶಕ್ಕೆ ಹೊರೆಯಲ್ಲ, ಮಾತಿಗೆ ಮಾತ್ರ ಎರಡೇ ಫ್ರೇಮ್‌ಗಳಿಗೆ ಇಳಿಸಿದ್ದೇನೆ.