ಯೀಸ್ಟ್ ಪುಡಿಯನ್ನು ಬಿಸಿ ಅಕ್ಕಚ್ಚಿಗೆ ಹಾಕಬೇಡಿ

ಶಿರಸಿ ಸುತ್ತಿನ ಕೊಟ್ಟಿಗೆಗಳಲ್ಲಿ ಹಸುವಿನ ಜೀರ್ಣಕ್ಕೆ ನೆರವಾಗಲಿ ಅಂತ ಯೀಸ್ಟ್ ಎಂಬ ಜೀವಂತ ಸೂಕ್ಷ್ಮಜೀವಿಯ ಪುಡಿ ಕೊಡುವವರಿದ್ದಾರೆ. ತಂದ ಪುಡಿಯನ್ನು ಕೊಡುವ ಮೊದಲೇ ಕೊಂದುಬಿಡುವವರೂ ಅವರಲ್ಲಿ ಬಹಳ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹಸು ಯಾವುದು ನೋಡಿ. ಹಿಂಡಿ ಜಾಸ್ತಿ ತಿನ್ನುವ ಜರ್ಸಿ, ಹೋಲ್‌ಸ್ಟೀನ್ ಫ್ರೀಸಿಯನ್ ಅಂದರೆ ಎಚ್‌ಎಫ್ ಮಿಶ್ರತಳಿಗೆ ಕೊಡಿ. ಕರು ಹಾಕುವ ಎರಡು-ಮೂರು ವಾರ ಮುಂಚೆ ಶುರು ಮಾಡಿ. ಬೆಟ್ಟದಲ್ಲಿ ಮೇಯುವ ಮಲೆನಾಡು ಗಿಡ್ಡಕ್ಕೆ ಖಂಡಿತ ಬೇಡ.

ಕೊಳ್ಳುವಾಗ ಸ್ಯಾಕರೊಮೈಸಿಸ್ ಸೆರೆವಿಸಿಯೆ ಎಂಬ ಹೆಸರು, ಗ್ರಾಮಿಗೆ ಎಷ್ಟು ಜೀವಂತ ಕೋಶ, ಅವಧಿ ಮುಗಿಯುವ ದಿನಾಂಕ, ಈ ಮೂರನ್ನೂ ಓದಿ. 'ಯೀಸ್ಟ್ ಇದೆ' ಎಂದಷ್ಟೇ ಬರೆದ ಟಾನಿಕ್ ಬಾಟಲಿ ವಾಪಸ್ ಕೊಡಿ. ಬೇಕರಿ ಯೀಸ್ಟ್ ಅಗ್ಗ ಅಂತ ತರಬೇಡಿ. ಜಾತಿ ಒಂದೇ ಆದರೂ ಅದನ್ನು ಆರಿಸಿದ್ದು ಹಿಟ್ಟು ಉಬ್ಬಿಸಲು, ಹಸುವಿನ ಹೊಟ್ಟೆಗಲ್ಲ.

ಎಲ್ಲ ಕೆಡುವುದು ಬೆರೆಸುವಾಗ. ಮೇವಿನ ಜೊತೆ ಹಸುವಿನ ಮೊದಲ ಹೊಟ್ಟೆಗೆ ಸ್ವಲ್ಪ ಆಮ್ಲಜನಕವೂ ಹೋಗುತ್ತದೆ. ನಾರು ಕರಗಿಸುವ ಬ್ಯಾಕ್ಟೀರಿಯಾಗಳಿಗೆ ಅದು ಆಗದು. ಯೀಸ್ಟ್ ಅದನ್ನು ಬಳಸಿ ಮುಗಿಸುತ್ತದೆ. ಹಿಂಡಿ ತಿಂದ ಮೇಲೆ ಹುಟ್ಟುವ ಲ್ಯಾಕ್ಟಿಕ್ ಆಮ್ಲವನ್ನು ತಿನ್ನುವ ಬ್ಯಾಕ್ಟೀರಿಯಾಗಳಿಗೂ ಬಲ ಕೊಡುತ್ತದೆ. ಇದೆಲ್ಲ ಆಗಬೇಕಾದರೆ ಅದು ಜೀವಂತವಾಗಿ ಹೊಟ್ಟೆ ಸೇರಬೇಕು, ಅಲ್ವಾ? ಹಸುವಿಗೆ ಕುಡಿಸಲು ಕಾಯಿಸಿ ಆಗಷ್ಟೇ ಒಲೆಯಿಂದ ಇಳಿಸಿದ ಅಕ್ಕಚ್ಚಿಗೆ ಸುರಿದರೆ ಅಲ್ಲೇ ಸಾಯುತ್ತದೆ. ಅಕ್ಕಚ್ಚು ಪೂರ್ತಿ ತಣಿಯಲಿ, ಕೈ ಅದ್ದಿದರೆ ಬಿಸಿ ತಾಗಬಾರದು. ನನ್ನ ಕೇಳಿದರೆ ಅಕ್ಕಚ್ಚೇ ಬೇಡ. ಡಬ್ಬಿಯ ಮೇಲೆ ಹೇಳಿದಷ್ಟು ಪುಡಿಯನ್ನು ಒಂದು ಹಿಡಿ ಒಣ ಹಿಂಡಿಯಲ್ಲಿ ಕಲಸಿ, ಅದನ್ನು ಉಳಿದ ಹಿಂಡಿಗೆ ಬೆರೆಸಿ ಕೂಡಲೇ ತಿನ್ನಿಸಿ. ತಿಂಗಳಿಗಾಗುವಷ್ಟನ್ನು ಖನಿಜ ಮಿಶ್ರಣದ ಜೊತೆ ಬೆರೆಸಿಡುವ ಸುಲಭ ದಾರಿಯೂ ಬೇಡ. ನಮ್ಮ ಮಳೆಗಾಲದ ತೇವಕ್ಕೆ ಅದು ಉಳಿಯುವುದಿಲ್ಲ. ಯೀಸ್ಟ್ ಹೊಟ್ಟೆಯಲ್ಲಿ ನೆಲೆಯೂರುವುದೂ ಇಲ್ಲ, ಹಾಗಾಗಿ ದಿನಾ ಕೊಡಬೇಕು.

ಬೂಸ್ಟು ಹಿಡಿದ ಶೇಂಗಾ ಹಿಂಡಿಯನ್ನು ಯೀಸ್ಟ್ ಸರಿಮಾಡುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದರಲ್ಲಿರಬಹುದಾದ ಅಫ್ಲಾಟಾಕ್ಸಿನ್ ವಿಷ ರೂಪ ಬದಲಿಸಿ ಹಾಲಿಗೂ ಇಳಿಯುತ್ತದೆ, ಹಾಲು ಕಾಯಿಸಿದರೂ ಹೋಗದು. ಅಂಥ ಹಿಂಡಿ ಎಸೆಯಿರಿ. ಹಸು ಮೇವು ಬಿಟ್ಟರೆ ಡಾಕ್ಟರನ್ನು ಕರೆಸಿ, ಯೀಸ್ಟ್ ಔಷಧಿ ಅಲ್ಲ.

ಶುರು ಮಾಡುವಾಗ ಹಸು ಈಗಾಗಲೇ ಹಾಲು ಕೊಡುತ್ತಿದ್ದರೆ, ಒಂದು ವಾರ ಮೊದಲೇ ಎರಡೂ ಹೊತ್ತಿನ ಹಾಲು, ಡೇರಿಯ ಫ್ಯಾಟ್ ಬರೆದಿಡಿ. ನಡುವೆ ಹುಲ್ಲು, ಹಿಂಡಿ ಬದಲಿಸಬೇಡಿ. ಲೀಟರುಗಟ್ಟಲೆ ಏರುವುದಿಲ್ಲ. ದಿನಕ್ಕೆ ಒಂದು ಲೀಟರ್ ಹೆಚ್ಚಿದರೆ ಒಳ್ಳೆಯ ಫಲವೇ, ಕೆಲವು ಹಸುಗಳಲ್ಲಿ ಅದೂ ಕಾಣದು. ನಾಲ್ಕು ವಾರ ಕಳೆದ ಮೇಲೂ ಹೆಚ್ಚಿದ ಹಾಲಿನ ದುಡ್ಡು ಪುಡಿಯ ಖರ್ಚಿಗಿಂತ ಕಡಿಮೆ ಇದ್ದರೆ ನಿಲ್ಲಿಸಿ, ಆ ಹಣಕ್ಕೆ ಹಸಿಹುಲ್ಲು ಬೆಳೆಸಿ.